ಪಟ್ಟಿ ಬಂತು, ಪಟ್ಟಿ ಹೋಯಿತು: ಸಂಶೋಧನಾ ಪತ್ರಿಕೆಗಳ ನೀತಿಯ ಹಿನ್ನೆಲೆ

2025ರ ಫೆಬ್ರುವರಿಯಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) ತಾನು ಒಪ್ಪಿದ ಸಂಶೋಧನಾ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಗಳು ಕೇಳುತ್ತಿರುವುದು ಒಂದೇ ಪ್ರಶ್ನೆ: ಲೇಖನವನ್ನು ಇನ್ನು ಯಾವ ಪತ್ರಿಕೆಗೆ ಕಳುಹಿಸಬೇಕು?

ಅಧ್ಯಯನ ನಡೆಸಿ ನೀತಿ ರೂಪಿಸುವುದು ಮೈಸೂರಿಗೆ ಹೊಸದಲ್ಲ. 1916ರಲ್ಲಿ ಇಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ಮೊದಲೇ ಶಿಕ್ಷಣ ತಜ್ಞರಾದ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶಗಳ ಉನ್ನತ ಶಿಕ್ಷಣವನ್ನು ಅಭ್ಯಸಿಸಿದ್ದರು. ಸ್ವಾತಂತ್ರ್ಯಾನಂತರದ ರಾಧಾಕೃಷ್ಣನ್ ಮತ್ತು ಕೊಠಾರಿ ಶಿಕ್ಷಣ ಆಯೋಗಗಳ ವರದಿಗಳನ್ನು ಬರೆಸಿದ್ದು ಸರ್ಕಾರವೇ. ಸ್ವತಂತ್ರ ಅಧ್ಯಯನವೊಂದು ನೀತಿಯನ್ನು ಅಲುಗಾಡಿಸಿದ್ದನ್ನು ನಾವು ಕಣ್ಣಾರೆ ಕಂಡದ್ದು 2018ರಲ್ಲಿ.

ಆ ಕಥೆ ಶುರುವಾಗುವುದು ಯುಜಿಸಿಯ 2010ರ ನಿಯಮಾವಳಿಯಿಂದ; ಅಧ್ಯಾಪಕರ ನೇಮಕ, ಪದೋನ್ನತಿಗಳಿಗೆ ಅದು ಪ್ರಕಟಿತ ಲೇಖನಗಳೂ ಸೇರಿದ ಅಂಕಗಳ ಲೆಕ್ಕವನ್ನು ತಂದಿತು. ಮಂಡ್ಯದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಸ್ನೇಹಿತರ ಕಡತವನ್ನು ನಾನು ನೋಡಿದ್ದೇನೆ. ಪ್ರತಿ ಲೇಖನದ ಜೊತೆಗೆ ಪತ್ರಿಕೆಯ ಮುಖಪುಟ, ಪರಿವಿಡಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದ ಐಎಸ್‌ಎಸ್‌ಎನ್, ಅಂದರೆ ಪತ್ರಿಕೆಯನ್ನು ಗುರುತಿಸುವ ಸಂಖ್ಯೆ. ಆ ಲೇಖನ ಏನು ಹೇಳುತ್ತದೆ ಎಂಬುದಕ್ಕೆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಎಣಿಕೆಗೆ ಬೆಲೆ ಬಂದಾಗ ಹಣ ಪಡೆದು, ಓದಿಯೂ ನೋಡದೆ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು.

ಇದನ್ನು ತಡೆಯಲೆಂದು 2017ರಲ್ಲಿ ಯುಜಿಸಿಯ ಅನುಮೋದಿತ ಪತ್ರಿಕೆಗಳ ಪಟ್ಟಿ ಬಂತು. ವಿಶ್ವವಿದ್ಯಾನಿಲಯಗಳ ಶಿಫಾರಸಿನಿಂದ ಅದರೊಳಗೆ ಸೇರಿದ್ದ ಪತ್ರಿಕೆಗಳ ಪೈಕಿ 1009ನ್ನು ಸಂಶೋಧಕ ಭೂಷಣ್ ಪಟವರ್ಧನ್ ಅವರಿದ್ದ ಪುಣೆಯ ತಂಡ ಒಂದೊಂದಾಗಿ ಪರಿಶೀಲಿಸಿತು. ವಿಳಾಸವಿದೆಯೇ, ಸಂಪಾದಕರ ಹೆಸರಿದೆಯೇ ಎಂಬ ಪ್ರಾಥಮಿಕ ಪ್ರಶ್ನೆಗಳಲ್ಲೇ ಶೇ 34.5ರಷ್ಟು ಬಿದ್ದುಹೋದವು, ಇನ್ನೂ ಶೇ 52.3ರಷ್ಟು ತಮ್ಮ ಬಗ್ಗೆ ಸುಳ್ಳು ಮಾಹಿತಿ ಕೊಟ್ಟಿದ್ದವು, ಇಲ್ಲವೇ ಅವುಗಳ ಸಂಪಾದಕರಿಗೆ ತಕ್ಕ ಅರ್ಹತೆ ಇರಲಿಲ್ಲ. 2018ರ ಮಾರ್ಚ್‌ನಲ್ಲಿ ‘ಕರೆಂಟ್ ಸೈನ್ಸ್’ ಎಂಬ ವಿಜ್ಞಾನ ಪತ್ರಿಕೆ ಇದನ್ನು ಪ್ರಕಟಿಸಿತು. ಮೇ ತಿಂಗಳಲ್ಲಿ 4305 ಪತ್ರಿಕೆಗಳು ಪಟ್ಟಿಯಿಂದ ಹೊರಬಿದ್ದವು, ಮರುವರ್ಷ ‘ಕೇರ್’ ಪಟ್ಟಿ ಬಂತು. ಸಂಶೋಧನೆಯ ಮಾತಿಗೆ ಯುಜಿಸಿ ಇಷ್ಟು ಬೇಗ ಕಿವಿಗೊಟ್ಟದ್ದು ಮೆಚ್ಚತಕ್ಕ ಸಂಗತಿ. ಆದರೆ ಅದು ತಿದ್ದಿದ್ದು ಪಟ್ಟಿಯನ್ನು. ಲೇಖನಗಳನ್ನು ಎಣಿಸುವ ಪದ್ಧತಿ ಹಾಗೆಯೇ ಉಳಿಯಿತು. ಪಿಎಚ್.ಡಿ.ಗೆ ಲೇಖನ ಪ್ರಕಟಣೆ ಕಡ್ಡಾಯವಲ್ಲ ಎಂದಾದದ್ದು 2022ರಲ್ಲಿ.

ಈಗ ಯುಜಿಸಿ ಕೆಲವು ಮಾನದಂಡಗಳನ್ನು ಸೂಚಿಸಿ, ಪತ್ರಿಕೆಗಳನ್ನು ಆರಿಸುವ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೇ ಬಿಟ್ಟಿದೆ. ಅಂದು ಪರೀಕ್ಷೆಗೆ ನಿಲ್ಲದೆ ಹೋದ ಶಿಫಾರಸುಗಳು ಹೊರಟಿದ್ದೂ ಅಲ್ಲಿಂದಲೇ. ಮಂಡ್ಯದ ಸ್ನೇಹಿತರು ಬರೆದಿಟ್ಟ ಹೊಸ ಲೇಖನ ಮೇಜಿನ ಮೇಲೇ ಇದೆ; ಪತ್ರಿಕೆಗಳನ್ನು ಪರಿಶೀಲಿಸುವ ಸಮಿತಿ ಅವರ ಕಾಲೇಜಿನಲ್ಲಿ ಇನ್ನೂ ರಚನೆಯಾಗಿಲ್ಲ.