ಹನ್ನೆರಡು ಪಾಯಿಂಟಿನ ಅಕ್ಷರ ಪರದೆಯ ಮೇಲೆ ಎಷ್ಟು ದೊಡ್ಡದು?

ಮದುವೆಯ ಹಂಗಾಮಿನಲ್ಲಿ, ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಸಿದ್ಧಪಡಿಸಿಕೊಡುವ ಕೊಪ್ಪಳದ ಯಾವುದೇ ಡಿಟಿಪಿ ಅಂಗಡಿಯಲ್ಲಿ ಕುಳಿತರೂ ಒಂದು ತಕರಾರು ಕಿವಿಗೆ ಬೀಳುತ್ತದೆ: "ಸ್ಕ್ರೀನ್‌ದಾಗ ಇಷ್ಟ್ ದೊಡ್ಡದಿತ್ತಲ್ರೀ, ಹಾಳ್ಯಾಗ ಯಾಕ ಸಣ್ಣದಾತು?" ಝೂಮ್ ಹೆಚ್ಚಿಸಿ ತೋರಿಸಿದ್ದು ಒಂದು ಕಾರಣ. ಅದನ್ನು ನೂರಕ್ಕೆ ಇಳಿಸಿದರೂ ವ್ಯತ್ಯಾಸ ಪೂರ್ತಿ ಹೋಗದಿರಬಹುದು, ಏಕೆಂದರೆ ಪಾಯಿಂಟ್ ಎಂಬುದು ಉದ್ದದ ಅಳತೆ, ಪಿಕ್ಸೆಲ್ ಎಂಬುದು ಚುಕ್ಕಿಗಳ ಎಣಿಕೆ.

ಇಂದಿನ ಕಂಪ್ಯೂಟರ್ ಲೆಕ್ಕದಲ್ಲಿ ಒಂದು ಅಂಗುಲಕ್ಕೆ 72 ಪಾಯಿಂಟ್. ಆದ್ದರಿಂದ 12 ಪಾಯಿಂಟ್ ಎಂದರೆ ಸುಮಾರು 4.2 ಮಿಲಿಮೀಟರ್, ಅದು ಯಾವ ಕಾಗದದ ಮೇಲೂ ಅಷ್ಟೇ. 1984ರ ಮೊದಲ ಮ್ಯಾಕಿಂತೋಷ್ ಪರದೆಯಲ್ಲಿ ಅಂಗುಲಕ್ಕೆ 72 ಚುಕ್ಕಿಗಳಿದ್ದುದರಿಂದ ಒಂದು ಪಾಯಿಂಟಿಗೆ ಒಂದು ಪಿಕ್ಸೆಲ್ ಸರಿಹೊಂದುತ್ತಿತ್ತು. ವಿಂಡೋಸ್ ಅಂಗುಲಕ್ಕೆ 96 ಎಂದು ಹಿಡಿಯಿತು, ವೆಬ್ ಪುಟಗಳೂ ಅದನ್ನೇ ಒಪ್ಪಿಕೊಂಡವು. ಹೀಗಾಗಿ 12 ಪಾಯಿಂಟ್ 16 ಪಿಕ್ಸೆಲ್ ಆಯಿತು. ಇದು ಒಪ್ಪಂದವೇ ಹೊರತು ಪರದೆಯನ್ನು ಅಳೆದು ಕಂಡ ಸತ್ಯವಲ್ಲ.

ಆ 16 ಪಿಕ್ಸೆಲ್‌ಗಳು 1366×768 ಚುಕ್ಕಿಗಳ 15.6 ಅಂಗುಲದ ಲ್ಯಾಪ್‌ಟಾಪಿನಲ್ಲಿ ಸುಮಾರು 4 ಮಿಲಿಮೀಟರ್ ಎತ್ತರವಿರುತ್ತವೆ. 1920×1080ರ 40 ಅಂಗುಲದ ಟಿವಿಗೆ ಜೋಡಿಸಿದರೆ ಏಳು ಮಿಲಿಮೀಟರ್ ದಾಟುತ್ತವೆ. ಅಂಗುಲಕ್ಕೆ 400 ಚುಕ್ಕಿಗಳಿರುವ ಮೊಬೈಲಿನಲ್ಲಿ ಅವು ಒಂದೇ ಮಿಲಿಮೀಟರಿಗೆ ಕುಗ್ಗಿ ಓದಲಾಗದಂತೆ ಆಗುತ್ತಿದ್ದವು. ಅದಕ್ಕಾಗಿಯೇ ಅಲ್ಲಿ ಲೆಕ್ಕದ ಒಂದು ಪಿಕ್ಸೆಲ್ಲಿಗೆ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ನಿಜವಾದ ಚುಕ್ಕಿಗಳನ್ನು ಬಳಸುವುದುಂಟು.

ಇಷ್ಟಾದರೂ ಅಳೆದದ್ದು ಅಕ್ಷರವನ್ನಲ್ಲ ಎಂಬುದು ನನಗೆ ಇಡೀ ಲೆಕ್ಕದಲ್ಲೇ ಸ್ವಾರಸ್ಯದ ಸಂಗತಿ. ಅಚ್ಚುಮೊಳೆಗಳ ಕಾಲದಲ್ಲಿ ಪಾಯಿಂಟ್ ಹೇಳುತ್ತಿದ್ದುದು ಅಕ್ಷರವನ್ನು ಹೊತ್ತ ಸೀಸದ ತುಂಡಿನ ಎತ್ತರವನ್ನು. ಇಂದಿನ ಫಾಂಟಿನಲ್ಲಿ ಆ ತುಂಡಿನ ಜಾಗದಲ್ಲಿ ಕಣ್ಣಿಗೆ ಕಾಣದ ಒಂದು ಚೌಕವಿದೆ. ಬಳ್ಳಾರಿ, ಕೊಪ್ಪಳ ಎಂದು ಬರೆದಾಗ ಒತ್ತಕ್ಷರ ಕೆಳಗೆ ಇಳಿಯುತ್ತದೆ, ರಾಯಚೂರಿಗೆ ಒತ್ತಿಲ್ಲ. ಆದರೆ ಒತ್ತು ಬಂದರೆ ಇರಲಿ ಎಂದು ಫಾಂಟ್ ರೂಪಿಸುವವರು ಮೂಲಾಕ್ಷರವನ್ನೇ ಕಿರಿದಾಗಿಸುವುದುಂಟು. ಆಗ ರಾಯಚೂರೂ ಕಿರಿದಾಗಿಯೇ ಮೂಡುತ್ತದೆ. ಇಂಥ ಫಾಂಟ್ ಎದುರಾದಾಗ ಅಂಗಡಿಯವರು ಇಂಗ್ಲಿಷಿಗೆ 12 ಇಟ್ಟ ಲಗ್ನಪತ್ರಿಕೆಯಲ್ಲಿ ಕನ್ನಡಕ್ಕೆ 14 ಇಟ್ಟು, ಕಣ್ಣಳತೆಯಲ್ಲಿ ಎರಡನ್ನೂ ಸರಿದೂಗಿಸುತ್ತಾರೆ.