ಮಳೆಗಾಲದ ಉಪ್ಪಿನ ಮರಿಗೆ ಮತ್ತು ಫುಡ್ ಟೆಕ್ನಾಲಜಿ ಕೆಲಸ

ಫುಡ್ ಟೆಕ್ನಾಲಜಿ ಓದಿ ಮುಗಿಸಿದ ಸಿರ್ಸಿ ಕಡೆಯ ಮಕ್ಕಳು ಆಗಾಗ ಕೇಳುತ್ತಾರೆ, ಕಂಪನಿ ಸೇರುವ ಮೊದಲು ಇನ್ನೇನು ಕಲಿಯಬೇಕು ಅಂತ. ನಾನು ಒಂದು ಪ್ರಶ್ನೆ ವಾಪಸ್ ಕೇಳುತ್ತೇನೆ. ಉಪ್ಪುನೀರಲ್ಲಿ ಹಾಕಿಟ್ಟ ಅಪ್ಪೆಮಿಡಿಯ ಭರಣಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇದೆ, ಆದರೂ ವರ್ಷಗಟ್ಟಲೆ ಉಳಿಯುತ್ತದೆ. ಹಲಸಿನ ಹಪ್ಪಳ ಖಡಕ್ಕಾಗಿ ಒಣಗಿರುತ್ತದೆ, ಆದರೂ ಆಷಾಢದಲ್ಲಿ ಡಬ್ಬಿ ಮುಚ್ಚಳ ಸಡಿಲಾದರೆ ಬೂಷ್ಟು ಹಿಡಿಯುತ್ತದೆ. ಯಾಕೆ?

"ಉಪ್ಪು ಕ್ರಿಮಿ ಕೊಲ್ಲುತ್ತದೆ ಸರ್" ಅನ್ನುತ್ತಾರೆ. ಹಾಗಲ್ಲ. ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಾರಿಕಾಂಬಾ ಜಾತ್ರೆಗೆ ಸಾವಿರ ಮಕ್ಕಳು ಬಂದಿದ್ದಾರೆ ಅಂದುಕೊಳ್ಳಿ. ಎಲ್ಲರ ಕೈಯನ್ನೂ ಅಮ್ಮಂದಿರು ಗಟ್ಟಿಯಾಗಿ ಹಿಡಿದಿದ್ದರೆ ಬೆಂಡು ಬತ್ತಾಸಿನ ಅಂಗಡಿಗೆ ಓಡುವವರು ಎಷ್ಟು ಮಂದಿ? ಅಥವಾ ಹೀಗೆ ನೋಡಿ, ನಿಮ್ಮ ಹತ್ತಿರ ಲಕ್ಷ ರೂಪಾಯಿ ಇದೆ, ಆದರೆ ಅಷ್ಟೂ ಕೈಸಾಲ ಕೊಟ್ಟಿದ್ದೀರಿ, ಇವತ್ತು ಸಂತೆಗೆ ಹೋದರೆ ಖರ್ಚಿಗೆ ಸಿಗುವುದು ಜೇಬಿನಲ್ಲಿರುವ ನೂರೇ. ಸೂಕ್ಷ್ಮಜೀವಿಗೂ ಬೇಕಾಗುವುದು ಬಿಡುವಾಗಿರುವ ನೀರು. ಅದಕ್ಕೆ ವಾಟರ್ ಆಕ್ಟಿವಿಟಿ ಅನ್ನುತ್ತಾರೆ. ಶುದ್ಧ ನೀರಿಗೆ 1. ಆಹಾರ ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 0.91ಕ್ಕಿಂತ ಕೆಳಗೆ ಬೆಳೆಯಲು ಆಗುವುದಿಲ್ಲ, ಸಾಮಾನ್ಯ ಬೂಷ್ಟಿಗೆ 0.80ರ ಹತ್ತಿರ ಕಷ್ಟವಾಗುತ್ತದೆ, 0.60ರ ಕೆಳಗೆ ಯಾವುದೂ ಬೆಳೆಯುವುದಿಲ್ಲ. ಆಸ್ಟ್ರೇಲಿಯಾದ ವಿಜ್ಞಾನಿ ಡಬ್ಲ್ಯೂ. ಜೆ. ಸ್ಕಾಟ್ 1953ರಲ್ಲೇ ಇದನ್ನು ತೋರಿಸಿಕೊಟ್ಟರು, ಎಷ್ಟು ನೀರಿದೆ ಅನ್ನುವುದಕ್ಕಿಂತ ಎಷ್ಟು ನೀರು ಬಿಡುವಾಗಿದೆ ಅನ್ನುವುದೇ ಲೆಕ್ಕ ಅಂತ.

ಉಪ್ಪು ಇನ್ನು ಕರಗದೆ ತಳದಲ್ಲಿ ಉಳಿಯುವಷ್ಟು ಹಾಕಿದರೆ ಆ ನೀರಿನ ಅಂಕಿ 0.75. ಅಪ್ಪೆಯ ಹುಳಿಯೂ ಜೊತೆಗಿದೆ. ಅದೇ ಭರಣಿಗೆ ಒದ್ದೆ ಸೌಟು ಹಾಕಿ ನೋಡಿ, ಮೇಲ್ಪದರದಲ್ಲಿ ಉಪ್ಪು ತೆಳುವಾಗಿ ಅಲ್ಲಿಂದಲೇ ಕೆಡಲು ಶುರು. ಮುಟ್ಟಾದವರು ಭರಣಿ ಮುಟ್ಟಿದ್ದಕ್ಕೆ ಕೆಟ್ಟಿತು ಅಂತ ಈಗಲೂ ಓದಿದವರ ಮನೆಯಲ್ಲೇ ಹೇಳುತ್ತಾರೆ. ನನಗೆ ಇದು ಕೇಳಿದರೆ ಸಂಕಟವಾಗುತ್ತದೆ. ಸೌಟಿನ ತಪ್ಪನ್ನು ಹೆಣ್ಣುಮಕ್ಕಳ ತಲೆಗೆ ಕಟ್ಟಿದ್ದೇವೆ.

ಇನ್ನು ಹಪ್ಪಳ. ಗಾಳಿಯ ತೇವ ಶೇಕಡಾ 75 ಅಂದರೂ ವಾಟರ್ ಆಕ್ಟಿವಿಟಿ 0.75 ಅಂದರೂ ಒಂದೇ ಅಳತೆಗೋಲು. ಮಳೆಗಾಲದಲ್ಲಿ ನಮ್ಮ ಗಾಳಿ 90 ದಾಟುತ್ತದೆ, ತೆರೆದಿಟ್ಟ ಹಪ್ಪಳ ನಿಧಾನಕ್ಕೆ ನೀರೆಳೆದುಕೊಂಡು ಆ ಕಡೆಗೇ ಏರುತ್ತದೆ. ಅಡುಗೆಮನೆಯಲ್ಲಿ ಉಪ್ಪಿಡುವ ಪಾತ್ರೆ, ಅಂದರೆ ಮರಿಗೆ, ನೀರು ಬಿಡುವುದೂ ಇದಕ್ಕೇ. ಗಾಳಿ 75 ದಾಟಿತು ಅಂದರೆ ಶುದ್ಧ ಉಪ್ಪೂ ಕರಗಲು ತೊಡಗುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಕಲ್ಲುಪ್ಪು ಇನ್ನೂ ಬೇಗ ಒದ್ದೆ, ಸಮುದ್ರದ ಮೆಗ್ನೀಸಿಯಂ ಲವಣ ಸ್ವಲ್ಪ ಉಳಿದಿರುತ್ತದಲ್ವಾ. ಇದೇ ಕರಾವಳಿಯ ಉಪ್ಪಿಗಾಗಿ 1930ರಲ್ಲಿ ಅಂಕೋಲೆಯ ಜನ ಸ್ವಾತಂತ್ರ್ಯ ಹೋರಾಟಗಾರ ಎಂ. ಪಿ. ನಾಡಕರ್ಣಿಯವರ ಜೊತೆ ನಿಂತು ಬ್ರಿಟಿಷರ ಕಾನೂನು ಮುರಿದರು. ಅಷ್ಟು ದೊಡ್ಡ ಉಪ್ಪಿನ ಕತೆ ಇರುವ ಊರಿನ ಮಕ್ಕಳು ಉಪ್ಪಿನ ವಿಜ್ಞಾನ ಕಲಿಯದೆ ಹೋದರೆ ನನಗೆ ಬೇಸರ.

ಕೆಲಸದ ಮಾತಿಗೆ ಬರುತ್ತೇನೆ. ನನಗೆ ಗೊತ್ತಿರುವ ಒಂದು ಘಟಕದಲ್ಲಿ ಹಪ್ಪಳವನ್ನು ಚೆನ್ನಾಗಿಯೇ ಒಣಗಿಸಿದ್ದರು, ಆದರೆ ಪ್ಯಾಕೆಟ್ಟಿನ ಪ್ಲಾಸ್ಟಿಕ್ ತೀರಾ ತೆಳುವು. ಜುಲೈನಲ್ಲಿ ಮಾಲೆಲ್ಲ ವಾಪಸ್ ಬಂತು. ತಪ್ಪು ಎಲ್ಲಿ ಆಗಬಹುದು ಅಂತ ಮೊದಲೇ ಹುಡುಕಿ ಆ ಜಾಗವನ್ನು ಕಾಯುವುದು, ಕಾದದ್ದನ್ನು ಬರೆದಿಡುವುದು ಇವತ್ತಿನ ಕಂಪನಿಗಳಿಗೆ ಬೇಕಾದ ಕೌಶಲ. ಹ್ಯಾಸಪ್ (HACCP) ಅನ್ನುವ ಈ ಕ್ರಮ ಹುಟ್ಟಿದ್ದೇ 1960ರ ದಶಕದಲ್ಲಿ, ನಾಸಾದ ಗಗನಯಾತ್ರಿಗಳ ಊಟಕ್ಕಾಗಿ. ಎಕ್ಸೆಲ್ ಬರಬೇಕು, ಲೇಬಲ್ಲಿನ ನಿಯಮ ಗೊತ್ತಿರಬೇಕು. ಇವೆಲ್ಲ ಮೂರು ತಿಂಗಳಲ್ಲಿ ಬರುತ್ತವೆ.

ಬರದೇ ಇರುವುದು ಕೇಳಿಸಿಕೊಳ್ಳುವ ಅಭ್ಯಾಸ. ಹಪ್ಪಳ ಹಚ್ಚುವ ಅಕ್ಕಂದಿರು ಒಂದನ್ನು ಮುರಿದು ಆ ಸದ್ದಿನಲ್ಲೇ "ಇನ್ನೊಂದು ಬಿಸಿಲು ಬೇಕು" ಅನ್ನುತ್ತಾರೆ. ಅವರ ಪಕ್ಕ ಕೂತುಕೊಳ್ಳಿ. ಅವರು ಮುರಿದ ಚೂರನ್ನೇ ವಾಟರ್ ಆಕ್ಟಿವಿಟಿ ಅಳೆಯುವ ಮೀಟರಿನಲ್ಲಿ ಇಟ್ಟು ಅಂಕಿ ನೋಡಿ, ಅವರು ಹೇಳಿದ್ದನ್ನೂ ಅಂಕಿಯನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಒಂದು ಹಂಗಾಮು ಪೂರ್ತಿ ಹೀಗೆ ಮಾಡಿದರೆ ಯಾವ ಸದ್ದಿಗೆ ಯಾವ ಅಂಕಿ ಅಂತ ನಿಮಗೂ ಗೊತ್ತಾಗುತ್ತದೆ, ಅವರಿಗೂ.