ಪೆಪ್ಲಮ್: ಚಪ್ಪಲಿ ಕಂಡಲ್ಲೆಲ್ಲ ಅಂಟಿಸುವ ಪದವಲ್ಲ

ತೆರೆಯ ಮೇಲೆ ಚಪ್ಪಲಿ ಮೆಟ್ಟಿದ ರೋಮನ್ ಸೈನಿಕನೊಬ್ಬ ಕಂಡರೆ ಸಾಕು, ಚಿತ್ರಕ್ಕೆ ‘ಪೆಪ್ಲಮ್’ ಎಂಬ ಮುದ್ರೆ ಬೀಳುತ್ತದೆ. 1959ರ ‘ಬೆನ್-ಹರ್’ ಪೆಪ್ಲಮ್ ಅಂತೆ, 2000ದ ‘ಗ್ಲಾಡಿಯೇಟರ್’ ಪೆಪ್ಲಮ್ ಅಂತೆ. ಫ್ರೆಂಚರೇ ಹಾಗೆ ಬಳಸುತ್ತಾರಲ್ಲ ಎಂಬ ಸಮಜಾಯಿಷಿಯೂ ಸಿದ್ಧವಿರುತ್ತದೆ. ಬಳಸುತ್ತಾರೆ, ನಿಜ. ಆದರೆ ಪದವನ್ನು ಅಷ್ಟು ಹಿಗ್ಗಿಸಿದರೆ, 1958ರಿಂದ ಏಳೆಂಟು ವರ್ಷ ಇಟಲಿಯಲ್ಲಿ ಒಬ್ಬ ಕಟ್ಟುಮಸ್ತು ಆಳನ್ನು ಮುಂದಿಟ್ಟುಕೊಂಡು ಕಡಿಮೆ ದುಡ್ಡಿನಲ್ಲಿ ಸಾಲುಸಾಲಾಗಿ ತೆಗೆದ ಚಿತ್ರಗಳನ್ನು ಕರೆಯಲು ಹೆಸರೇ ಉಳಿಯುವುದಿಲ್ಲ.

ಗೊಂದಲಕ್ಕೆ ಪದವೇ ಅರ್ಧ ಕಾರಣ. ಗ್ರೀಕರ ‘ಪೆಪ್ಲೋಸ್’ ಹೆಂಗಸರ ಉಡುಗೆ. ಆಯತಾಕಾರದ ಉಣ್ಣೆಬಟ್ಟೆಯ ಮೇಲಂಚನ್ನು ಹೊರಕ್ಕೆ ಮಡಚಿ, ಮೈಗೆ ಸುತ್ತಿ, ಎರಡೂ ಹೆಗಲ ಮೇಲೆ ಪಿನ್ನು ಚುಚ್ಚಿ, ನಡುವಿಗೆ ಪಟ್ಟಿ ಬಿಗಿದರೆ ಉಟ್ಟಂತಾಯಿತು. ಅಥೆನ್ಸಿನ ದೊಡ್ಡ ಹಬ್ಬದಲ್ಲಿ ಅಥೀನಾ ದೇವಿಗೆ ನೇಯ್ದು ಅರ್ಪಿಸುತ್ತಿದ್ದುದೂ ಪೆಪ್ಲೋಸೇ. ಲ್ಯಾಟಿನ್ನಿಗೆ ಬಂದು ಅದು ‘ಪೆಪ್ಲಮ್’ ಆಯಿತು. ದರ್ಜಿ ಅಂಗಡಿಯಲ್ಲಿ ಕೇಳುವ ‘ಪೆಪ್ಲಮ್ ಬ್ಲೌಸ್’ ಇದೇ ಪದ: ಸೊಂಟದಿಂದ ಕೆಳಗೆ ನೆರಿಗೆಯ ಅಂಚು ಇಳಿಬಿಟ್ಟದ್ದು. ಈಗ ಈ ಚಿತ್ರಗಳ ಹೆಸರಾಂತ ನಾಯಕ, ಗ್ರೀಕ್ ಪುರಾಣದ ಬಲಶಾಲಿ ಹರ್ಕ್ಯುಲಿಸ್‌ನನ್ನು ನೋಡಿ. ಅವನ ಮೈಮೇಲಿರುವುದು ಸಿಂಹದ ಚರ್ಮ, ಇಲ್ಲವೇ ತೊಡೆ ಮುಚ್ಚದ ತುಂಡುಬಟ್ಟೆ. ಪೆಪ್ಲೋಸ್ ಎಲ್ಲಿಯೂ ಇಲ್ಲ. 1960ರ ದಶಕದ ಆರಂಭದಲ್ಲಿ ಈ ಹೆಸರನ್ನು ಚಲಾವಣೆಗೆ ತಂದವರು ಫ್ರೆಂಚ್ ವಿಮರ್ಶಕರು. ಇಟಲಿಯ ಉದ್ಯಮಕ್ಕೆ ಅವು ‘ಫಿಲ್ಮ್ ಮಿತೊಲೊಜಿಕೊ’, ಅಂದರೆ ಪೌರಾಣಿಕ. ಹಾಗೆಂದು ನಮ್ಮ ಪೌರಾಣಿಕ ಚಿತ್ರಗಳನ್ನು ಎಳೆದುತಂದು ಪಕ್ಕಕ್ಕೆ ನಿಲ್ಲಿಸಬೇಡಿ; ಇಟಲಿಯ ಚಿತ್ರಗಳಲ್ಲಿ ದೇವರು ಕಥೆಗೊಂದು ನೆಪ, ಭಕ್ತಿಯ ಸೋಂಕೂ ಇಲ್ಲ.

ಹೆಸರು ಬಟ್ಟೆಯದು, ಅರ್ಥ ಮಾತ್ರ ತಯಾರಿಕೆಯದು. 1958ರ ‘ಲೆ ಫತೀಕೆ ದಿ ಎರ್ಕೊಲೆ’ (ಹರ್ಕ್ಯುಲಿಸ್‌ನ ಸಾಹಸಗಳು) ಚಿತ್ರದಿಂದ ಸುಗ್ಗಿ ಶುರು. ನಿರ್ದೇಶಕ ಪಿಯೆತ್ರೊ ಫ್ರಾಂಚಿಶಿ, ಕ್ಯಾಮೆರಾ ಮಾರಿಯೊ ಬಾವಾ, ನಾಯಕ 1950ರ ಮಿಸ್ಟರ್ ಯೂನಿವರ್ಸ್ ಸ್ಟೀವ್ ರೀವ್ಸ್. ಜೋಸೆಫ್ ಲೆವಿನ್ ಎಂಬ ವಿತರಕ ಅಮೆರಿಕದ ಹಕ್ಕನ್ನು ಸುಮಾರು 1,20,000 ಡಾಲರಿಗೆ ಕೊಂಡು, ಪ್ರಚಾರಕ್ಕೆ ಅದರ ಹಲವು ಪಟ್ಟು ಸುರಿದು, 1959ರಲ್ಲಿ ಬಿಡುಗಡೆ ಮಾಡಿದ. ಅದೇ ವರ್ಷದ ‘ಬೆನ್-ಹರ್’ಗೆ ಹಿಡಿದದ್ದು ಸುಮಾರು 1.5 ಕೋಟಿ ಡಾಲರ್. ಅದರ ಚಿತ್ರೀಕರಣ ರೋಮಿನ ಚಿನೆಚಿತ್ತಾ ಸ್ಟುಡಿಯೊದಲ್ಲಿ ನಡೆಯಿತು ಎಂಬುದನ್ನೇ ಹಿಡಿದು ವಾದ ಹೂಡುವವರಿದ್ದಾರೆ. ಅಂಗಳ ಇಟಲಿಯದಾದರೇನು, ಹಣವೂ ಪದ್ಧತಿಯೂ ಹಾಲಿವುಡ್ಡಿನವು.

ಕಾಸಿಲ್ಲದ ಪದ್ಧತಿ ಹೇಗಿರುತ್ತದೆ ಎಂಬುದು ತೆರೆಯ ಮೇಲೇ ಕಾಣುತ್ತದೆ. ನಾಯಕ ತಲೆಯ ಮೇಲೆತ್ತಿ ಎಸೆದ ಬಂಡೆ ಒಳಗೆ ಟೊಳ್ಳು, ಆದ್ದರಿಂದ ಬಿದ್ದಲ್ಲಿ ಪುಟಿಯುತ್ತದೆ. ಕೈ ತಾಗುವ ಮೊದಲೇ ಕಂಬ ಅಲುಗುತ್ತದೆ. ಹಳೆಯ ಚಿತ್ರದ ಯುದ್ಧದೃಶ್ಯವನ್ನು ಕತ್ತರಿಸಿ ಸೇರಿಸಿದ ಕಡೆ ಬಣ್ಣ ತಟ್ಟನೆ ಬೇರೆಯಾಗುತ್ತದೆ. ತುಟಿಗೂ ಮಾತಿಗೂ ತಾಳೆಯಾಗದ್ದನ್ನು ‘ಇಂಗ್ಲಿಷ್ ಡಬ್ಬಿಂಗ್ ಕೆಟ್ಟದ್ದು’ ಎಂದು ಬೈಯುವುದು ಅರ್ಧ ತಿಳಿವಳಿಕೆ. ಸೆಟ್ಟಿನಲ್ಲಿ ಒಬ್ಬೊಬ್ಬ ನಟ ತನ್ನ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದ, ದನಿಯನ್ನು ಆಮೇಲೆ ಕೂಡಿಸುತ್ತಿದ್ದರು. ಹಾಗಾಗಿ ಇಟಾಲಿಯನ್ ಪ್ರತಿಯೂ ಡಬ್ ಆದದ್ದೇ. ಇಂಗ್ಲಿಷ್ ಪ್ರತಿಯಲ್ಲಿ ರೀವ್ಸ್‌ನ ದನಿ ಕೂಡ ಅವನದಲ್ಲ.

ಬಡತನವೆಂದರೆ ಕಳಪೆ ಎಂದೇನಲ್ಲ. 1961ರ ‘ಎರ್ಕೊಲೆ ಅಲ್ ಚೆಂತ್ರೊ ದೆಲ್ಲಾ ತೆರ್ರಾ’ದಲ್ಲಿ ಬಾವಾ ಬಣ್ಣದ ದೀಪ ಮತ್ತು ಹೊಗೆಯಿಂದಲೇ ಪಾತಾಳ ಕಟ್ಟಿದ. ಕೋಟಿಗಟ್ಟಲೆ ಸುರಿದ ಎಷ್ಟೋ ಚಿತ್ರಗಳಲ್ಲಿ ಅಂಥ ಪಾತಾಳವಿಲ್ಲ.

ಇನ್ನು ಎಲ್ಲ ನಾಯಕರನ್ನೂ ಹರ್ಕ್ಯುಲಿಸ್ ಎನ್ನುವ ಚಟ. ಇದರ ತಪ್ಪು ಅಮೆರಿಕನ್ ವಿತರಕರದು. ಇಟಲಿಯ ಸ್ವಂತ ಬಲಶಾಲಿ ಮಾಚಿಸ್ತೆ. ಅವನು ಯಾವ ಪುರಾಣದವನೂ ಅಲ್ಲ, ಹುಟ್ಟಿದ್ದೇ ತೆರೆಯ ಮೇಲೆ, 1914ರ ‘ಕಬೀರಿಯಾ’ ಎಂಬ ಮೂಕಿಚಿತ್ರದಲ್ಲಿ. ಆ ಪಾತ್ರ ಮಾಡಿದ ಬಾರ್ತೊಲೊಮೆಯೊ ಪಗಾನೊ ಜೆನೋವಾ ಬಂದರಿನ ಹಮಾಲಿ. 1960ರಲ್ಲಿ ಮಾಚಿಸ್ತೆ ಮರಳಿ ಬಂದಾಗ ಅಮೆರಿಕದಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದೇ ಪಾತ್ರ ಒಂದು ಚಿತ್ರದಲ್ಲಿ ಬೈಬಲ್ಲಿನ ಬಲಶಾಲಿ ಸ್ಯಾಮ್ಸನ್ ಆಯಿತು, ಇನ್ನೊಂದರಲ್ಲಿ ಬೈಬಲ್ಲಿನದೇ ದೈತ್ಯ ಗೋಲಿಯಾತ್, ಮತ್ತೊಂದರಲ್ಲಿ ‘ಹರ್ಕ್ಯುಲಿಸ್‌ನ ಮಗ’. ‘ಮಾಚಿಸ್ತೆ 13ನೇ ಶತಮಾನದ ಚೀನಾಕ್ಕೆ ಹೇಗೆ ಹೋದ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅವನಿಗೆ ಕಾಲದೇಶಗಳ ಕಟ್ಟೇ ಇಲ್ಲ. ಯಾವ ಚಿತ್ರವೆಂದು ಪತ್ತೆ ಹಚ್ಚಬೇಕಾದರೆ ಇಂಗ್ಲಿಷ್ ಹೆಸರನ್ನು ನಂಬದೆ ಇಟಾಲಿಯನ್ ಹೆಸರು ಹುಡುಕಿ. ನಟರ ಹೆಸರಿಗೂ ಇದೇ ಮಾತು: ಕರ್ಕ್ ಮಾರಿಸ್ ಎಂಬವನು ವೆನಿಸ್ಸಿನ ಆದ್ರಿಯಾನೊ ಬೆಲ್ಲಿನಿ, ಆಲನ್ ಸ್ಟೀಲ್ ಎಂಬವನು ಸೆರ್ಜಿಯೊ ಚಾನಿ.

ಕುಸ್ತಿಪಟು ದಾರಾ ಸಿಂಗ್ 1964ರಲ್ಲಿ ಹಿಂದಿ ತೆರೆಯ ಮೇಲೆ ‘ಸ್ಯಾಮ್ಸನ್’ ಮತ್ತು ‘ಹರ್ಕ್ಯುಲಿಸ್’ ಆದದ್ದು ಇದರ ದಾಯಾದಿ ಧಾರೆ. ಪೆಪ್ಲಮ್ ಎನ್ನುವುದು ಅತಿಯಾಯಿತು.

ಸುಗ್ಗಿ ಮುಗಿದದ್ದೂ ಅದೇ ಹೊತ್ತಿಗೆ. ಟೆಕ್ನಿಸ್ಕೋಪ್ ಎಂಬ ಇಟಾಲಿಯನ್ ಪದ್ಧತಿಯಲ್ಲಿ ಫಿಲ್ಮಿನ ಒಂದೊಂದು ಫ್ರೇಮಿಗೆ ಅಂಚಿನ ನಾಲ್ಕು ರಂಧ್ರಗಳ ಬದಲು ಎರಡೇ ರಂಧ್ರದಷ್ಟು ಉದ್ದದ ಜಾಗ. 1000 ಅಡಿ ಸುರುಳಿ 11 ನಿಮಿಷಕ್ಕೆ ಬದಲು 22 ನಿಮಿಷ ಓಡುತ್ತದೆ, ಕಚ್ಚಾ ಫಿಲ್ಮಿನ ಖರ್ಚು ಅರ್ಧ. 1961ರಲ್ಲಿ ರೋಡ್ಸ್ ದ್ವೀಪದ ದೈತ್ಯ ಪ್ರತಿಮೆಯ ಮೇಲೆ ಪೆಪ್ಲಮ್ ತೆಗೆದಿದ್ದ ಸೆರ್ಜಿಯೊ ಲಿಯೊನೆ, 1964ರಲ್ಲಿ ಅದೇ ಟೆಕ್ನಿಸ್ಕೋಪಿನಲ್ಲಿ ಕೌಬಾಯ್ ಚಿತ್ರ ತೆಗೆದು ಗೆದ್ದ. ನಿರ್ಮಾಪಕರು ಚಪ್ಪಲಿ ಬಿಟ್ಟು ಬೂಟು ಮೆಟ್ಟಲು ಹೆಚ್ಚು ದಿನ ಹಿಡಿಯಲಿಲ್ಲ.